ಕಟ್ಟಿಸಿದವನ ಗುರುತು

ಸೋದರಳಿಯ: ಮಾವ, ಮೈಸೂರಿನ ಸೈಟಿನಲ್ಲಿ ಈ ಸಲ ಮನೆಯನ್ನು ಆರಂಭಿಸಿಬಿಡಬೇಕೆಂದು ನಿಶ್ಚಯಿಸಿದ್ದೇನೆ. ನಕ್ಷೆ ಸಿದ್ಧವಾಗಿದೆ, ನಿಮಗೊಮ್ಮೆ ತೋರಿಸಿ, ನಿಮ್ಮ ಅಭಿಪ್ರಾಯವನ್ನು ಪಡೆದು ಹೋಗೋಣವೆಂದು ಬಂದೆ. ನಿವೇಶನ 30ಕ್ಕೆ 40 ಅಡಿಯದು, ದೊಡ್ಡದೇನೂ ಅಲ್ಲ; ಆದರೂ ಬೀದಿಯಲ್ಲಿ ಸಾಲಾಗಿ ನಿಂತಿರುವ ಹತ್ತು ಮನೆಗಳಲ್ಲಿ ಹನ್ನೊಂದನೆಯದೆನ್ನಿಸಿಕೊಳ್ಳದೆ, ನೋಡಿದವರು ಇದು ಯಾರದೆಂದು ಕೇಳುವಂತಹ ಒಂದು ವೈಶಿಷ್ಟ್ಯ ಅದಕ್ಕಿರಬೇಕೆಂಬುದು ನನ್ನ ಆಸೆ. ಆದಕಾರಣ ನಡುವೆ ಮಲೆನಾಡಿನ ತೊಟ್ಟಿ, ಮುಂದಿನ ಕಿಟಕಿಗಳಿಗೆ ಬೆಂಗಳೂರಿನ ಹಳೆಯ ಬಂಗಲೆಗಳಲ್ಲಿರುವಂತಹ ಮಂಕಿ ಟಾಪು, ನೆಲಕ್ಕೆ ಚೆಟ್ಟಿನಾಡಿನ ಆತಂಗುಡಿ ಬಿಲ್ಲೆ, ಜಗಲಿಗೆ ಕೊಡಗಿನ ಐನ್‌ಮನೆಯ ಮಾದರಿಯ ಕೆತ್ತನೆಯ ಕಂಬ, ಇವಿಷ್ಟನ್ನೂ ಸೇರಿಸಿದ್ದೇನೆ.

ಸೋದರಮಾವ: ನೋಡಿದೆ. ನಾಲ್ಕು ಸೀಮೆಯ ನಾಲ್ಕು ಮನೆಗಳು ಒಂದೇ ನಿವೇಶನದಲ್ಲಿ ಮೊಣಕಾಲು ಮಡಿಸಿಕೊಂಡು ಕುಳಿತಿವೆ. ಇರಲಿ, ತೊಟ್ಟಿಯ ಅಳತೆ ಎಷ್ಟು?

ಸೋದರಳಿಯ: ಆರು ಅಡಿಗೆ ಆರು ಅಡಿ. ಮೇಲೆ ಗಾಜು ಹೊದಿಸುವುದು; ಮಳೆಯ ನೀರು ಒಳಕ್ಕೆ ಬರಬಾರದಲ್ಲ.

ಸೋದರಮಾವ: ಮಳೆ ಬೀಳಬಾರದಾದರೆ ಅದನ್ನು ತೊಟ್ಟಿಯೆಂದು ಏಕೆ ಕರೆಯುತ್ತೀಯೆ? ಮಲೆನಾಡಿನ ಹಿರಿಯರು ಆ ತೆರಪನ್ನು ಮನೆಯ ಮಧ್ಯದಲ್ಲಿ ಬಿಟ್ಟದ್ದು ಅಲಂಕಾರಕ್ಕೆಂದಲ್ಲ. ಕಾಡಿನ ಅಂಚಿನಲ್ಲಿ, ಕಳ್ಳಕಾಕರ ಮತ್ತು ಮೃಗಗಳ ಭಯವಿದ್ದ ಕಾಲದಲ್ಲಿ, ಹೊರಗೋಡೆಗೆ ದೊಡ್ಡ ಕಿಟಕಿಗಳನ್ನಿಡುವ ಧೈರ್ಯವಿಲ್ಲದೆ, ಮೂವತ್ತು ನಲವತ್ತು ಜನರ ಅವಿಭಕ್ತ ಕುಟುಂಬಕ್ಕೆ ಬೇಕಾದ ಬೆಳಕನ್ನೂ ಗಾಳಿಯನ್ನೂ ಆಕಾಶದಿಂದಲೇ ನೇರವಾಗಿ ಇಳಿಸಿಕೊಳ್ಳಬೇಕಾಗಿ ಬಂದಾಗ ಅವರು ಕಂಡುಕೊಂಡ ಉಪಾಯವದು. ನಾಲ್ಕು ಮಾಡುಗಳೂ ಒಳಮುಖವಾಗಿ ಇಳಿಜಾರಾಗಿ, ಆಷಾಢದ ಮಳೆಯೆಲ್ಲ ಮೂಲೆಗಳಲ್ಲಿ ಧಾರೆಯಾಗಿ ಸುರಿದು, ಅಲ್ಲಿಟ್ಟ ಹಂಡೆಗಳನ್ನು ತುಂಬಿ, ಮಿಕ್ಕದ್ದು ಕಲ್ಲಿನ ಮೋರಿಯಲ್ಲಿ ಹರಿದುಹೋಗುತ್ತಿತ್ತು. ಸುತ್ತಲ ಕಂಬಸಾಲಿನ ಪಡಸಾಲೆಯಲ್ಲಿ ಊಟ, ಬಾಣಂತಿಯ ಆರೈಕೆ, ಮದುವೆಯ ಹಸೆ, ಮುದುಕರ ಮಧ್ಯಾಹ್ನದ ನಿದ್ರೆ, ಎಲ್ಲವೂ ನಡೆಯುತ್ತಿದ್ದವು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ನೀನು ನೋಡಿರಬೇಕು; ಉಪ್ಪರಿಗೆಯಿಂದ ಬಗ್ಗಿ ನೋಡಿದರೆ ಇಡೀ ಮನೆ ತೊಟ್ಟಿಯ ಕಡೆಗೆ ಮುಖಮಾಡಿ ನಿಂತಿರುವುದು ಕಾಣುತ್ತದೆ. ನಿನ್ನ ನಕ್ಷೆಯಲ್ಲಾದರೋ ಕೋಣೆಗಳೆಲ್ಲವೂ ತೊಟ್ಟಿಗೆ ಬೆನ್ನು ತಿರುಗಿಸಿವೆ. ಗಾಜು ಹೊದಿಸಿದೆಯೆಂದರೆ ಮೇಲೇರಿದ ಬಿಸಿಗಾಳಿಗೆ ಹೊರದಾರಿ ಮುಚ್ಚಿತು. ಏಪ್ರಿಲ್ ಮಧ್ಯಾಹ್ನದಲ್ಲಿ ಅದರ ಕೆಳಗೆ ಹಪ್ಪಳ ಒಣಗಿಸಬಹುದು, ಮನುಷ್ಯ ಕೂರಲಾರ.

ಸೋದರಳಿಯ: ಹಾಗಾದರೆ ನಮ್ಮ ಪರಂಪರೆಯಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ನಿಮ್ಮ ಅಭಿಪ್ರಾಯವೆ? ಇಷ್ಟು ವರ್ಷ ಹಳೆಯ ಮನೆಗಳನ್ನು ಹೊಗಳುತ್ತಿದ್ದವರು ನೀವೇ ಅಲ್ಲವೆ?

ಸೋದರಮಾವ: ಈಗಲೂ ಹೊಗಳುತ್ತೇನೆ. ಅವರು ಒಂದೊಂದನ್ನೂ ಏತಕ್ಕಾಗಿ ಮಾಡಿದರೆಂಬುದನ್ನು ಕೇಳಿಕೊಂಡು ಹೊಗಳುತ್ತೇನೆ, ಅಷ್ಟೆ. 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವಲ್ಲ, ಅಲ್ಲಿಯೂ ದಂಡಿನ ಬಂಗಲೆಗಳಲ್ಲಿಯೂ ಕಿಟಕಿಯ ನೆತ್ತಿಗೆ ಕಟ್ಟಿದ ಆ ಚೂಪು ಮರದ ಮುಸುಕು ಬಿಸಿಲನ್ನೂ ಎರಚಲನ್ನೂ ತಡೆದು, ಪಟ್ಟಿಗಳ ಸಂದಿನಿಂದ ಗಾಳಿಯನ್ನು ಬಿಡುತ್ತಿತ್ತು. ನಿನ್ನ ನಕ್ಷೆಯ ಕಿಟಕಿಗಳಾದರೋ ಜಾರುವ ಗಾಜಿನವು, ಅವಕ್ಕೆ ಮೇಲೊಂದು ಕಾಂಕ್ರೀಟಿನ ಸಜ್ಜಾ ಬೇರೆ ಇದೆ. ಅದರ ಮೇಲೆ ಮಂಕಿ ಟಾಪು ಕುಳಿತರೆ ಛತ್ರಿಯ ಮೇಲೆ ಛತ್ರಿ ಹಿಡಿದ ಹಾಗೆ. ಕೊಡಗಿನ ಕಂಬದ ಮಾತು ಬಂತು. ಐನ್‌ಮನೆಯ ಮುಂಜಗಲಿಯಾದ ಕೈಯಾಲೆಯಲ್ಲಿ ಕೆತ್ತನೆಯ ಕಂಬಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಕಂಬಗಳ ನಡುವೆ ಕೂಡಿಸಿದ ಐಮರ: ಅಂಗೈ ಸವೆಸಿ ಸವೆಸಿ ನುಣುಪಾದ ಅಗಲವಾದ ಹಲಗೆ, ಒಕ್ಕದ, ಅಂದರೆ ಮನೆತನದ, ಹಿರಿಯರು ಕುಳಿತು ನ್ಯಾಯ ಹೇಳುತ್ತಿದ್ದ ಪೀಠ. ನೀನು ಕಂಬವನ್ನು ತಂದೆ, ಕೂರುವ ಹಲಗೆಯನ್ನು ಬಿಟ್ಟೆ. ನೆಲದ ವಿಷಯದಲ್ಲಿ ಮಾತ್ರ ನನಗೆ ತಕರಾರಿಲ್ಲ. ಗಾಜಿನ ಮೇಲೆ ಬಣ್ಣದ ಗಾರೆಯನ್ನು ಹೊಯ್ದು ತೆಗೆಯುವ ಆ ಬಿಲ್ಲೆಗಳಿಗೆ ಒಳ್ಳೆಯ ಹೊಳಪುಂಟು. ಆದರೆ ನಿನ್ನ ತಾಯಿಯನ್ನು ಕೇಳಿದ್ದೀಯಾ? ಅವಳು ಹುಟ್ಟಿ ಬೆಳೆದದ್ದು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ ಕೆಂಪು ಗಾರೆಯ ನೆಲದ ಮೇಲೆ.

ಸೋದರಳಿಯ: ಕೇಳಲಿಲ್ಲ. ಅಮ್ಮ ಯಾವುದಕ್ಕೂ ನಿಮಗೆ ತೋಚಿದಂತೆ ಮಾಡಿ ಎನ್ನುತ್ತಾರೆ.

ಸೋದರಮಾವ: ಅದು ನನ್ನ ಅಕ್ಕನ ಸ್ವಭಾವ. ಆಕೆ ಕೇಳುವುದಿಲ್ಲವೆಂದೇ ನೀನು ಗಮನಿಸಬೇಕು. ನೀನು ವೈಶಿಷ್ಟ್ಯವನ್ನು ಬೀದಿಯ ಕಡೆಯಿಂದ ಹುಡುಕುತ್ತಾ ಬಂದೆ; ನಾನು ಹೇಳುವುದೇನೆಂದರೆ, ಇಂತಹ ಮನುಷ್ಯ ಇಂತಹ ಮನೆಯಲ್ಲಿ ಇಂತಹ ರೀತಿಯಲ್ಲಿ ಏಳುತ್ತಾನೆ, ಕೂರುತ್ತಾನೆ, ಓದುತ್ತಾನೆ, ಕೈಕಾಲು ತೊಳೆಯುತ್ತಾನೆ ಎಂಬುದರಿಂದ ಹುಟ್ಟಿ ಬಂದ ಒಂದು ಸಣ್ಣ ಏರ್ಪಾಡೇ ಆ ಮನೆಯನ್ನು ಮತ್ತೊಂದರಿಂದ ಬೇರೆ ಮಾಡುತ್ತದೆ; ಉಳಿದದ್ದನ್ನು ಹಣ ಕೊಟ್ಟು ಯಾರು ಬೇಕಾದರೂ ತರಬಹುದು. ಅಮೆರಿಕದ ವರ್ಜೀನಿಯಾದಲ್ಲಿ, ಆ ದೇಶದ ರಾಷ್ಟ್ರಾಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ತನಗಾಗಿ ಬೆಟ್ಟದ ಮೇಲೆ ಕಟ್ಟಿಸಿಕೊಂಡ ಮಾಂಟಿಚೆಲೊ ಎಂಬ ಮನೆಯ ವಿಚಾರ ಕೇಳಿದ್ದೀಯಾ? ಅದರ ಹಜಾರದಲ್ಲಿ ಒಂದು ದೊಡ್ಡ ಗಡಿಯಾರವಿದೆ. ಅದನ್ನು ನಡೆಸುವ ತೂಕದ ಗುಂಡುಗಳು ವಾರಪೂರ್ತಿ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಕೆಳಗಿಳಿಯುತ್ತಾ, ಗೋಡೆಯ ಮೇಲೆ ಬರೆದ ಭಾನುವಾರ, ಸೋಮವಾರಗಳನ್ನು ಒಂದೊಂದಾಗಿ ತೋರಿಸುತ್ತವೆ. ಹಜಾರದ ಎತ್ತರ ಏಳು ದಿನಕ್ಕೆ ಸಾಲದೆ ಬಂತು. ಬೇರೆಯವನಾಗಿದ್ದರೆ ಗಡಿಯಾರವನ್ನು ಬದಲಾಯಿಸುತ್ತಿದ್ದ. ಆತ ನೆಲಕ್ಕೆ ರಂಧ್ರ ಕೊರೆಯಿಸಿ ಗುಂಡುಗಳನ್ನು ನೆಲಮಾಳಿಗೆಗೆ ಇಳಿಸಿದ. ಇಂದಿಗೂ ಆ ಮನೆಯಲ್ಲಿ ಶನಿವಾರ ಬರುವುದು ನೆಲಮಾಳಿಗೆಯಲ್ಲಿ.

ಸೋದರಳಿಯ: ಬಹಳ ಸೊಗಸಾಗಿದೆ.

ಸೋದರಮಾವ: ಸೊಗಸೇ. ಅದೇ ಮನೆಯ ಊಟದ ಕೋಣೆಯಲ್ಲಿ, ಅಗ್ಗಿಷ್ಟಿಕೆಯ ಪಕ್ಕದ ಗೂಡಿನೊಳಗಿಂದ, ನೆಲಮಾಳಿಗೆಯ ದ್ರಾಕ್ಷಾರಸದ ಸೀಸೆಗಳನ್ನು ಹಗ್ಗದಿಂದ ಮೇಲಕ್ಕೆತ್ತುವ ಒಂದು ಏತವೂ ಇದೆ. ಅತಿಥಿಗಳ ಮುಂದೆ ಸೀಸೆ ತಾನಾಗಿಯೇ ಪ್ರತ್ಯಕ್ಷವಾಗುತ್ತಿತ್ತು. ಕೆಳಗೆ ನಿಂತು ಅದನ್ನು ತುಂಬಿ ಕಳುಹಿಸುತ್ತಿದ್ದ ಗುಲಾಮನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮನುಷ್ಯರೆಲ್ಲರೂ ಸಮಾನರಾಗಿ ಸೃಷ್ಟರಾದವರೆಂದು ಘೋಷಣೆ ಬರೆದ ಕೈಯೇ ಆ ಗೂಡನ್ನೂ ರಚಿಸಿತು. ಒಡೆಯನ ಗುಣದ ಜೊತೆಗೆ ಅವನ ದೋಷವನ್ನೂ ಗೋಡೆ ಬರೆದಿಟ್ಟುಕೊಳ್ಳುತ್ತದೆ ಎಂಬುದನ್ನು ಮರೆಯಬೇಡ. ನಮ್ಮ ಹಳೆಯ ಮನೆಗಳ ಹಿಂಬಾಗಿಲುಗಳೂ, ಇಂತಹವರು ಇದಕ್ಕಿಂತ ಒಳಗೆ ಬರಬಾರದೆಂದು ನಿಲ್ಲಿಸುತ್ತಿದ್ದ ಜಗಲಿಯ ಅಂಚುಗಳೂ ಇದಕ್ಕೆ ಹೊರತಲ್ಲ. ಅವನ್ನು ನಾನು ಹೊಗಳಲಾರೆ.

ಸೋದರಳಿಯ: ಮಾವ, ನೀವು ಹೇಳುವ ದೃಷ್ಟಾಂತಗಳೆಲ್ಲ ರಾಷ್ಟ್ರಾಧ್ಯಕ್ಷರವು. ಅವರ ಹತ್ತಿರ ಬೆಟ್ಟವೇ ಇತ್ತು. ನನ್ನ ಹತ್ತಿರ ಇರುವುದು ಸಾವಿರದ ಇನ್ನೂರು ಚದರಡಿ, ಅದರಲ್ಲಿಯೂ ನಾಲ್ಕು ಕಡೆ ನಗರಪಾಲಿಕೆಯ ನಿಯಮದಂತೆ ಬಿಡಬೇಕಾದ ಜಾಗ.

ಸೋದರಮಾವ: ನ್ಯಾಯವಾದ ಆಕ್ಷೇಪಣೆ. ಇಕ್ಕಟ್ಟಿನ ಮಾತನ್ನೇ ತೆಗೆದುಕೊಳ್ಳೋಣ. ಲಂಡನ್ನಿನಲ್ಲಿ ಜಾನ್ ಸೋನ್ ಎಂಬ ಸ್ಥಪತಿಯ ಮನೆಯಿದೆ. ಸಾಲುಮನೆಗಳ ನಡುವಿನ ಮನೆ. ಚಿತ್ರಗಳನ್ನು ತೂಗುಹಾಕಲು ಒಂದು ಚಿಕ್ಕ ಕೋಣೆಯಷ್ಟೇ ಉಳಿದಾಗ ಆತ ಗೋಡೆಗಳಿಗೆ ಕೀಲು ಕೂಡಿಸಿ ಬಾಗಿಲಿನಂತೆ ತೆರೆಯುವ ಹಲಗೆಗಳನ್ನು ಮಾಡಿಸಿದ. ಹಲಗೆಯ ಹೊರಮೈಯಲ್ಲಿ ಚಿತ್ರ, ತೆರೆದರೆ ಒಳಮೈಯಲ್ಲಿ ಚಿತ್ರ, ಅದರ ಹಿಂದೆ ಮತ್ತೆ ಚಿತ್ರ. ಹೀಗೆ ನೂರಕ್ಕೂ ಹೆಚ್ಚು ಚಿತ್ರಗಳು ಆ ಕೋಣೆಯಲ್ಲಿ ಹಿಡಿದವು. 1833ರಲ್ಲಿ ಆ ಮನೆಯನ್ನು ಇದ್ದಂತೆಯೇ ಉಳಿಸಬೇಕೆಂದು ಅಲ್ಲಿಯ ಪಾರ್ಲಿಮೆಂಟು ಒಂದು ಶಾಸನವನ್ನೇ ಮಾಡಿತು. ಇನ್ನೊಂದನ್ನು ಕೇಳು, ಇದು ನಿನಗೂ ಒದಗುವಂಥದು. ಪೆನ್ಸಿಲ್ವೇನಿಯಾದಲ್ಲಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಕಾಫ್‌ಮನ್ ಎಂಬ ವರ್ತಕನಿಗಾಗಿ ಜಲಪಾತದ ಮೇಲೆಯೇ ಕಟ್ಟಿದ ಮನೆಯ ಚಿತ್ರವನ್ನು ಜಗತ್ತೆಲ್ಲ ನೋಡಿದೆ. ನೆಲದಿಂದ ಮೇಲೆದ್ದ ಬಂಡೆಯನ್ನು, ಆ ಕುಟುಂಬದವರು ಹಿಂದೆ ಕುಳಿತು ಬಿಸಿಲು ಕಾಯುತ್ತಿದ್ದ ಬಂಡೆಯದು, ಒಡೆಯದೆ ಹಾಗೆಯೇ ಒಲೆಯ ಮುಂದೆ ಬಿಟ್ಟದ್ದನ್ನೂ ಎಲ್ಲರೂ ವರ್ಣಿಸುತ್ತಾರೆ. ನನಗೆ ಮೆಚ್ಚುಗೆಯಾದದ್ದು ಅಲ್ಲಿಯ ಒಂದು ಬರೆಯುವ ಮೇಜು. ಇಕ್ಕಟ್ಟಾದ ಕೋಣೆ, ಕಿಟಕಿಯ ಬಾಗಿಲು ಒಳಕ್ಕೆ ತೆರೆಯಬೇಕು, ತೆರೆದರೆ ಮೇಜಿಗೆ ತಗುಲುತ್ತದೆ. ಮೇಜನ್ನು ಸರಿಸುವುದಕ್ಕಾಗಲಿ ಕಿಟಕಿಯನ್ನು ಮುಚ್ಚಿಯೇ ಇಡುವುದಕ್ಕಾಗಲಿ ಒಪ್ಪದೆ, ಬಾಗಿಲು ತಿರುಗುವಷ್ಟು ಜಾಗವನ್ನು ಮೇಜಿನ ಹಲಗೆಯಿಂದಲೇ ಕಾಲುವೃತ್ತವಾಗಿ ಕೊರೆದು ತೆಗೆದರು. ಅದಕ್ಕೆ ಜಲಪಾತವೂ ಬೇಡ, ಕೋಟ್ಯಧೀಶನೂ ಬೇಡ. ಒಬ್ಬ ಬಡಗಿ, ಒಂದು ಗರಗಸ.

ಸೋದರಳಿಯ: ಒಪ್ಪುತ್ತೇನೆ. ಆದರೆ ಈ ವ್ಯಕ್ತಿವಿಶೇಷದ ಏರ್ಪಾಡುಗಳು ಕೆಲವೊಮ್ಮೆ ಕಟ್ಟಿಸಿಕೊಂಡವನಿಗೇ ತಿರುಗಿಬೀಳುವುದೂ ಉಂಟಲ್ಲ? ನಮ್ಮ ಊರಿನಲ್ಲಿಯೇ, ಯಾದವಗಿರಿಯಲ್ಲಿ, ಆರ್. ಕೆ. ನಾರಾಯಣ್ ಅವರು ಬರೆಯುವುದಕ್ಕೆಂದು ಎಂಟು ಕಿಟಕಿಗಳ ಅರ್ಧವರ್ತುಲಾಕಾರದ ಕೋಣೆಯನ್ನು ಕಟ್ಟಿಸಿದರು. ಒಂದು ಕಡೆ ಚಾಮುಂಡಿಬೆಟ್ಟ, ಮತ್ತೊಂದು ಕಡೆ ಊರಿನ ಗೋಪುರಗಳು, ಹಾದುಹೋಗುವ ರೈಲು. ನೋಡುತ್ತಾ ಕುಳಿತರೆ ಬರೆವಣಿಗೆ ಸಾಗದೆ, ಕೊನೆಗೆ ಕಿಟಕಿಗಳಿಗೆ ದಪ್ಪ ಪರದೆ ಎಳೆದು ಬರೆಯಬೇಕಾಯಿತೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಸೋದರಮಾವ: ಭಲೆ! ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ಮಾತು ಹೇಳಬಹುದು: ಪರದೆ ಎಳೆಯುವುದಕ್ಕಾದರೂ ಕಿಟಕಿ ಇರಬೇಕಷ್ಟೆ. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿ 2016ರಿಂದ ಜನರಿಗೆ ತೆರೆದಿದೆ. ಹೋದವರು ಮೊದಲು ಹುಡುಕುವುದು ಆ ಎಂಟು ಕಿಟಕಿಗಳ ಕೋಣೆಯನ್ನೇ. ಪ್ಯಾರಿಸ್ಸಿನ ಬಳಿ ಲ ಕಾರ್ಬೂಸಿಯೆ 1931ರಲ್ಲಿ ಮುಗಿಸಿದ ವಿಲಾ ಸವೊಯ್ ಇದಕ್ಕಿಂತ ಕಠಿನವಾದ ದೃಷ್ಟಾಂತ. ಮೋಟಾರು ಕಾರು ಮನೆಯ ಕೆಳಗೆ ಸುತ್ತಿಬರಲು ಎಷ್ಟು ಬಾಗು ಬೇಕೋ ಅಷ್ಟೇ ಬಾಗನ್ನು ಕೆಳಅಂತಸ್ತಿನ ಗೋಡೆಗೆ ಕೊಟ್ಟಷ್ಟು ಸೂಕ್ಷ್ಮ. ಆದರೆ ಮಳೆ ಬಂದರೆ ಸೋರಿ, ಮನೆಯ ಒಡತಿ ದೂರಿನ ಕಾಗದಗಳನ್ನು ಬರೆದೂ ಬರೆದೂ ಬೇಸತ್ತಳು. ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಆ ಮನೆಗಿರುವ ಸ್ಥಾನ ನನಗೆ ಗೊತ್ತು. ಸೋರುವ ಮನೆಯಲ್ಲಿ ಮಲಗಿದವಳ ಪಕ್ಷವೇ ನನ್ನದು. ಆದರೂ ಅಲ್ಲಿಂದ ನಾನು ಒಂದನ್ನು ನಿನಗಾಗಿ ಎತ್ತಿಕೊಂಡು ಬರುತ್ತೇನೆ. ಬಾಗಿಲು ದಾಟಿದೊಡನೆ, ಹಜಾರದಲ್ಲಿಯೇ, ಗೋಡೆಯ ಮರೆಯೂ ಇಲ್ಲದೆ, ಒಂದು ಕೈತೊಳೆಯುವ ಬೋಗುಣಿಯನ್ನು ಆತ ನಿಲ್ಲಿಸಿದ್ದಾನೆ. ಪಾಶ್ಚಾತ್ಯರಿಗೆ ಅದು ವಿಚಿತ್ರವಾಗಿ ಕಂಡಿತು. ನಮಗೆ ಕಾಣಬೇಕಾಗಿಲ್ಲ, ಹೊರಗಿನಿಂದ ಬಂದವನಿಗೆ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುತ್ತಿದ್ದ ಜನ ನಾವು, ಜಗಲಿಯ ಪಕ್ಕದಲ್ಲಿ ತಾಮ್ರದ ಕೊಳಗ ಇಲ್ಲದ ಮನೆಯಿರುತ್ತಿರಲಿಲ್ಲ. ನಿನ್ನ ನಕ್ಷೆಯಲ್ಲಿ ಮೂರು ಸ್ನಾನಗೃಹಗಳಿವೆ. ಕಾಲು ತೊಳೆಯಬೇಕಾದರೆ ಕೆಸರು ಮೆತ್ತಿಕೊಂಡೇ ನಡುಮನೆಯನ್ನು ದಾಟಬೇಕು. ಜಗಲಿಯ ಎಡಗಡೆ ಎರಡು ಅಡಿ ಕಲ್ಲುಹಾಸು, ಒಂದು ನಲ್ಲಿ, ನೀರು ಗಿಡದ ಪಾತಿಗೆ ಹೋಗುವಂತೆ ಒಂದು ಮೋರಿ. ಕಂಬದ ಕೆತ್ತನೆಯ ಕೂಲಿಯ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ.

ಸೋದರಳಿಯ: ಬರೆದುಕೊಂಡೆ. ಮುಂದೆ?

ಸೋದರಮಾವ: ಮೆಟ್ಟಿಲು. ಇಲ್ಲಿ ಸ್ವಲ್ಪ ನಿಲ್ಲಬೇಕು. ನೆಲದಿಂದ ಮಹಡಿಯ ನೆಲಕ್ಕೆ ಹತ್ತು ಅಡಿ, ಎಂದರೆ 120 ಅಂಗುಲ. ನಕ್ಷೆಯವರು ಜಾಗ ಉಳಿಸಲು ಏಳೂವರೆ ಅಂಗುಲದ 16 ಮೆಟ್ಟಿಲು ಹಾಕಿದ್ದಾರೆ. ನಿನ್ನ ಕಾಲಿಗೆ ಅದು ಏನೂ ಅಲ್ಲ. ದೇವರಮನೆಯನ್ನು ಮಹಡಿಯ ಮೇಲಿಟ್ಟಿದ್ದೀಯೆ. ನಿನ್ನ ತಾಯಿ ದಿನಕ್ಕೆರಡು ಬಾರಿ ಹೂಬುಟ್ಟಿ ಹಿಡಿದು ಹತ್ತಿ ಇಳಿಯಬೇಕು, ಆಕೆಯ ಮಂಡಿ ಹೇಗಿದೆಯೆಂಬುದು ನಿನಗೆ ತಿಳಿಯದ್ದಲ್ಲ. ಆರು ಅಂಗುಲದ ಮೆಟ್ಟಿಲಾದರೆ 20 ಬೇಕು; ನಾಲ್ಕು ಹೆಚ್ಚು. ಒಂದೊಂದರ ತುಳಿಯುವ ಅಗಲ ಹತ್ತು ಅಂಗುಲವೆಂದಿಟ್ಟುಕೊಂಡರೂ ಮೂರು ಅಡಿ ನಾಲ್ಕು ಅಂಗುಲ ಉದ್ದ ಹೆಚ್ಚಾಗಿ ಬೇಕಾಯಿತು.

ಸೋದರಳಿಯ: ಅಷ್ಟು ಜಾಗ ಎಲ್ಲಿಂದ ತರುವುದು?

ಸೋದರಮಾವ: ಮಳೆ ಬೀಳದ ನಿನ್ನ ತೊಟ್ಟಿ ಆರು ಅಡಿ ಅಗಲವಾಗಿ ಅದರ ಪಕ್ಕದಲ್ಲಿಯೇ ಬಿದ್ದುಕೊಂಡಿದೆಯಲ್ಲ! ಅದರಲ್ಲಿ ಮೆಟ್ಟಿಲನ್ನು ವಿಸ್ತರಿಸಿ, ನಡುವೆ ಒಂದು ಅಗಲವಾದ ತಂಗುಕಟ್ಟೆ ಬಿಡು. ಆಯಾಸವಾದರೆ ಆಕೆ ಕೂತು ಏಳಲಿ. ಮಿಕ್ಕ ಜಾಗದ ನೆತ್ತಿಗೆ ಗಾಜಿನ ಪೆಟ್ಟಿಗೆಯ ಬದಲು ಸಣ್ಣದೊಂದು ಮಂಗಳೂರು ಹೆಂಚಿನ ಮಾಡನ್ನು ಎತ್ತರಿಸಿ, ಪಕ್ಕದ ಸಂದುಗಳಿಂದ ಬಿಸಿಗಾಳಿ ಹೊರಡುವಂತೆ ಮಾಡಿ, ಹೆಂಚುಗಳ ನಡುವೆ ಎರಡೋ ಮೂರೋ ಗಾಜಿನ ಹೆಂಚುಗಳನ್ನು ಕೂಡಿಸು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಎಲ್ಲವೂ ಒಂದೇ ಅಚ್ಚಿನವಾದ್ದರಿಂದ ಒಂದನ್ನು ತೆಗೆದು ಅದೇ ಅಚ್ಚಿನ ಗಾಜನ್ನು ಕೂಡಿಸುವುದು ಸಾಧ್ಯವಾಯಿತು. ಕರಾವಳಿಯ ಎಷ್ಟೋ ಅಡುಗೆಮನೆಗಳಲ್ಲಿ ಅದೊಂದೇ ಬೆಳಕು ಮಧ್ಯಾಹ್ನದವರೆಗೆ ಒಲೆಯಿಂದ ಒರಳಿಗೆ, ಒರಳಿನಿಂದ ಗೋಡೆಗೆ ಸರಿಯುತ್ತಾ ಗೃಹಿಣಿಗೆ ಹೊತ್ತು ಹೇಳುತ್ತಿತ್ತು.

ಸೋದರಳಿಯ: ಅಡುಗೆಮನೆಯ ಕಟ್ಟೆಯನ್ನು ವಾಡಿಕೆಯಂತೆ 32 ಅಂಗುಲಕ್ಕೆ ಹೇಳಿದ್ದೇನೆ.

ಸೋದರಮಾವ: ಯಾರ ವಾಡಿಕೆ? ನಿನ್ನ ಹೆಂಡತಿ ನಿನಗಿಂತಲೂ ಎತ್ತರ. ಅಡುಗೆಯಲ್ಲಿ ಅರ್ಧ ಪಾಲು ನಿನ್ನದೆಂದೂ ಕೇಳಿದ್ದೇನೆ, ಸಂತೋಷ. ಇಬ್ಬರೂ ನಿಂತು ಮೊಣಕೈ ಮಡಿಸಿ, ನೆಲದಿಂದ ಅಳೆದು, ಅದಕ್ಕಿಂತ ನಾಲ್ಕೈದು ಅಂಗುಲ ಕೆಳಗೆ ಕಟ್ಟೆ ಬರುವಂತೆ ಮಾಡಿಕೊಳ್ಳಿ. ಲಟ್ಟಿಸುವ ಮೂಲೆಯನ್ನು ಇನ್ನೂ ಸ್ವಲ್ಪ ತಗ್ಗಿಸಿ. ವಿಯೆನ್ನಾದಲ್ಲಿ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ತನ್ನ ಅಕ್ಕನಿಗೆ ಮನೆ ಕಟ್ಟಿಸುವಾಗ, ಎಲ್ಲ ಮುಗಿದು ಗುಡಿಸಿ ಸಾರಿಸುವ ಹೊತ್ತಿಗೆ, ಒಂದು ಹಜಾರದ ಮಾಳಿಗೆಯನ್ನು ಮೂರು ಸೆಂಟಿಮೀಟರ್ ಎತ್ತರಿಸಬೇಕೆಂದು ಹಟ ಹಿಡಿದು ಎತ್ತರ ಮಾಡಿಸಿದನಂತೆ. ಅಷ್ಟು ಹಟ ನಿನಗೆ ಬೇಡ, ನಿನ್ನ ಸಾಲದ ಕಂತೂ ಅದನ್ನು ತಡೆಯದು. ಆದರೆ ಮಾಳಿಗೆಯ ವಿಷಯದಲ್ಲಿ ಆತ ತೋರಿದ ನಿಷ್ಠುರತೆಯನ್ನು ನೀನು ರೊಟ್ಟಿ ಲಟ್ಟಿಸುವ ಕಟ್ಟೆಯ ವಿಷಯದಲ್ಲಿ ತೋರಿದರೆ ಮೂವತ್ತು ವರ್ಷ ಇಬ್ಬರ ಬೆನ್ನೂ ಉಳಿಯುತ್ತದೆ.

ಸೋದರಳಿಯ: ಇನ್ನೊಂದು ಶಂಕೆ ಮಿಕ್ಕಿದೆ. ನಾಳೆ ಏನೋ ಕಾರಣದಿಂದ ಮನೆಯನ್ನು ಮಾರಬೇಕಾಗಿ ಬಂದರೆ, ನಮ್ಮ ಮೊಣಕೈಗೆ ಅಳೆದ ಕಟ್ಟೆಯೂ ಅಮ್ಮನ ಮಂಡಿಗೆ ಅಳೆದ ಮೆಟ್ಟಿಲೂ ಕೊಳ್ಳುವವನಿಗೆ ಬೇಡದ ವಸ್ತುಗಳಾಗುವುದಿಲ್ಲವೆ? ಎಲ್ಲರಿಗೂ ಸರಿಹೊಂದುವಂತೆ ಕಟ್ಟಿದರೆ ಬೆಲೆ ಬರುತ್ತದೆಂದು ತಿಳಿದವರು ಹೇಳುತ್ತಾರೆ.

ಸೋದರಮಾವ: ಅವರು ಸುಳ್ಳು ಹೇಳುತ್ತಿಲ್ಲ. ಕಟ್ಟೆಯ ವಿಷಯದಲ್ಲಿ ಕೊಳ್ಳುವವನು ಗೊಣಗಬಹುದು. ತಗ್ಗು ಮೆಟ್ಟಿಲನ್ನು ಮಾತ್ರ ಯಾವ ಮಂಡಿಯೂ ದೂರಿದ್ದನ್ನು ನಾನು ಕೇಳಿಲ್ಲ. ಕಾಲು ತೊಳೆಯುವ ನಲ್ಲಿಯನ್ನೂ ಯಾರೂ ಕಿತ್ತುಹಾಕುವುದಿಲ್ಲ. ತಿರುವನಂತಪುರದಲ್ಲಿ ಲಾರಿ ಬೇಕರ್ ಎಂಬುವರಿದ್ದರು, 2007ರಲ್ಲಿ ತೀರಿಕೊಂಡರು. ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಬದುಕಿನ ಬಹುಪಾಲು ಕಳೆದದ್ದು ನಮ್ಮ ದೇಶದಲ್ಲಿ. ಬಡ ಗುಮಾಸ್ತರಿಗೂ ಉಪಾಧ್ಯಾಯರಿಗೂ ಮನೆ ಕಟ್ಟಿಕೊಡುವಾಗ ನಿವೇಶನದಲ್ಲಿ ಮರವಿದ್ದರೆ ಗೋಡೆಯನ್ನು ಬಾಗಿಸಿ ಮರವನ್ನು ಉಳಿಸಿಕೊಳ್ಳುತ್ತಿದ್ದರು. ಕಿಟಕಿಗೆ ದುಡ್ಡಿಲ್ಲದಿದ್ದರೆ ಇಟ್ಟಿಗೆಗಳ ನಡುವೆ ತೂತು ಬಿಟ್ಟು ಗೋಡೆಯನ್ನೇ ಜಾಲಂದ್ರ ಮಾಡುತ್ತಿದ್ದರು. ಇಟ್ಟಿಗೆಯನ್ನು ಅಡ್ಡಲಾಗಿ ನಿಲ್ಲಿಸಿ ಒಳಗೆ ಪೊಳ್ಳು ಬಿಟ್ಟು ಕಟ್ಟುವ ಪದ್ಧತಿಯಿಂದ ಸುಮಾರು ಕಾಲುಭಾಗ ಇಟ್ಟಿಗೆಯನ್ನು ಉಳಿಸುತ್ತಿದ್ದರು. ಆ ಮನೆಗಳು ಒಂದರಂತೆ ಒಂದಿಲ್ಲ, ದುಬಾರಿಯೂ ಆಗಲಿಲ್ಲ. ಮನೆಯನ್ನು ಮಾರುವುದಕ್ಕೆಂದೇ ಕಟ್ಟುವವನ ವ್ಯವಹಾರ ಬೇರೆ. ನೀನು ವಾಸಕ್ಕೆ ಕಟ್ಟುತ್ತಿದ್ದೀಯೆ, ಮುಂದೆ ಬರಬಹುದಾದ ಅಪರಿಚಿತನ ಮಂಡಿಗಾಗಿ ಇಂದು ತಾಯಿಯ ಮಂಡಿಯನ್ನು ನೋಯಿಸಬೇಡ.

ಸೋದರಳಿಯ: ಹಾಗಾದರೆ ಮಂಕಿ ಟಾಪೂ ಕೆತ್ತನೆಯ ಕಂಬವೂ ಹೋದವು. ನೆಲವನ್ನು ಅಮ್ಮನನ್ನು ಕೇಳಿ ನಿರ್ಧರಿಸುತ್ತೇನೆ. ಮುಂದಿನ ಗೋಡೆ ತೀರ ಬೋಳಾಯಿತಲ್ಲ, ಮಾವ?

ಸೋದರಮಾವ: ಬೋಳಾಗಿರಲಿ, ಕಂಬದ ಬದಲು ಅದಕ್ಕೆ ಒಂದು ಕಲ್ಲಿನ ಆಸನವನ್ನು ಹೊಂದಿಸು, ಅಂಚೆಯವನೂ ಅರೆಗಳಿಗೆ ಕೂರಲಿ. ಬಾಗಿಲಿನ ಪಕ್ಕದಲ್ಲಿ ಒಳಗೂ ಹೊರಗೂ ಪುಟ್ಟ ಕದವಿರುವ ಒಂದು ಗೂಡನ್ನು ಬಿಡಿಸು, ಹಾಲೂ ಪತ್ರಿಕೆಯೂ ಬೆಳಗಿನ ಜಾವ ಅದರೊಳಗೆ ಬೀಳಲಿ. ನಿನ್ನ ತಾಯಿ ಸಂಜೆ ದೀಪವಿಡಲು ಇನ್ನೊಂದು ಗೂಡನ್ನು ಕೇಳದಿದ್ದರೂ ಆಕೆಯ ಕೈಗೆಟುಕುವ ಎತ್ತರದಲ್ಲಿ ಬಿಡಿಸು. ಒಂಬತ್ತು ಅಂಗುಲದ ಗೋಡೆಯಲ್ಲಿ ಹೇಳು; ನಾಲ್ಕೂವರೆಯದರಲ್ಲಿ ಆಗುವುದಿಲ್ಲ. ಗೋಡೆ ಏಳುತ್ತಿರುವಾಗ ಹೇಳಿದರೆ ಮೇಸ್ತ್ರಿ ಅದಕ್ಕೆ ಕೂಲಿ ಕೇಳುವುದಿಲ್ಲ, ನಾಲ್ಕು ಇಟ್ಟಿಗೆ ಉಳಿಯಿತೆಂದೇ ಎಣಿಸುತ್ತಾನೆ. ಗಿಲಾವು ಮುಗಿದ ಮೇಲೆ ಹೇಳಿದರೆ ಕೊರೆಯುವುದಕ್ಕೊಂದು ಕೂಲಿ, ಮುಚ್ಚುವುದಕ್ಕೊಂದು ಕೂಲಿ.